ನಡಿಗೆಯೋ, ಓಟವೋ, ತೂಕ ಎತ್ತುವುದೋ? ಮಾಂಸಖಂಡದ ಹಾರ್ಮೋನುಗಳನ್ನು ನೋಡಿ ವ್ಯಾಯಾಮ ಆರಿಸಿಕೊಳ್ಳಿ

ನಮ್ಮಮ್ಮನಿಗೆ ಈಗ 64 ವರ್ಷ. ಬೆಳಿಗ್ಗೆ 45 ನಿಮಿಷದ ವಾಕಿಂಗ್ ಒಂದು ದಿನವೂ ತಪ್ಪಿಸಿದವರಲ್ಲ. ಮಳೆ ಬಂದರೆ ಕೊಡೆ ಹಿಡಿದು ಹೋಗುತ್ತಾರೆ. ಎರಡು ವರ್ಷದ ಹಿಂದೆ ಗೌರಿ ಹಬ್ಬದ ಬೆಳಿಗ್ಗೆ ಕುಕ್ಕರಗಾಲಲ್ಲಿ ಕೂತು ರಂಗೋಲಿ ಹಾಕಿದರು. ಮುಗಿಸಿ ಏಳೋಕೆ ಹೋದರೆ ಆಗಲಿಲ್ಲ. ಒಂದು ಕೈ ನೆಲಕ್ಕೆ ಊರಿ, ಇನ್ನೊಂದು ಕೈಯಲ್ಲಿ ಗೇಟು ಹಿಡಿದು, "ಸ್ವಲ್ಪ ಎಬ್ಬಿಸೋ" ಅಂದರು. ಮಂಡಿ ನೋವೇನೂ ಇರಲಿಲ್ಲ. ತೊಡೆಯಲ್ಲಿ ಕಸುವು ಇರಲಿಲ್ಲ, ಅಷ್ಟೇ.

ದಿನಾ ಅಷ್ಟು ನಡೆಯುವವರಿಗೆ ಹೀಗೇಕೆ ಆಗಬೇಕು? ಆ ಪ್ರಶ್ನೆ ಹಿಡಿದು ಓದುತ್ತಾ ಹೋದಾಗ ಸಿಕ್ಕಿದ್ದು ಮಾಂಸಖಂಡಗಳ ಹಾರ್ಮೋನಿನ ವಿಷಯ. ನಡೆದಾಗ ಮಾಂಸಖಂಡ ಒಂದು ಸುದ್ದಿ ಕಳಿಸುತ್ತದೆ, ಓಡಿದಾಗ ಇನ್ನೊಂದು, ಭಾರ ಎತ್ತಿದಾಗ ಮತ್ತೊಂದು. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಹಾಗಾಗಿ "ಯಾವ ವ್ಯಾಯಾಮ ಒಳ್ಳೆಯದು" ಅಂತ ಕೇಳುವುದಕ್ಕಿಂತ "ನನ್ನ ಮೈಗೆ ಯಾವ ಸುದ್ದಿ ತಲುಪುತ್ತಿಲ್ಲ" ಅಂತ ಕೇಳಿಕೊಳ್ಳುವುದು ಜಾಸ್ತಿ ಉಪಯೋಗ. ಈ ಹೋಲಿಕೆಯನ್ನು ಆ ಪ್ರಶ್ನೆ ಇಟ್ಟುಕೊಂಡೇ ಬರೆದಿದ್ದೇನೆ.

ಒಂದು ಕಾಲು ಒದೆಯಿತು, ಇನ್ನೊಂದು ಸುಮ್ಮನಿತ್ತು

ಥೈರಾಯ್ಡ್ ಹಾರ್ಮೋನು ಬಿಡುತ್ತದೆ, ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುತ್ತದೆ ಅಂತ ಶಾಲೆಯಲ್ಲೇ ಓದಿದ್ದೇವೆ. ಮಾಂಸಖಂಡ ಅಂದರೆ ಮಾತ್ರ ಎಳೆಯುವ, ಎತ್ತುವ ಹಗ್ಗ ಅಂತಲೇ ತಿಳಿದಿದ್ದೆವು. ಈ ಲೆಕ್ಕ ಬದಲಾಗಿದ್ದು ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ. 2000ನೇ ಇಸವಿಯಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 6 ಜನ ಗಂಡಸರನ್ನು ಕೂರಿಸಿ, ಒಂದೇ ಕಾಲನ್ನು ಮಂಡಿಯಿಂದ ಚಾಚಿ ಮಡಚುವ ಕೆಲಸವನ್ನು 5 ಗಂಟೆ ಮಾಡಿಸಿದರು. ಇನ್ನೊಂದು ಕಾಲಿಗೆ ಪೂರ್ತಿ ವಿಶ್ರಾಂತಿ. ಕಾಲಿಗೆ ಹೋಗುವ ರಕ್ತ, ಕಾಲಿಂದ ಬರುವ ರಕ್ತ ಎರಡನ್ನೂ ಅಳೆದರು. ದುಡಿದ ಕಾಲಿನಿಂದ ಇಂಟರ್‌ಲ್ಯೂಕಿನ್-6 ಎಂಬ ವಸ್ತು ರಕ್ತಕ್ಕೆ ಸೇರುತ್ತಿತ್ತು.

ಬೆಂಟೆ ಕ್ಲಾರ್ಲುಂಡ್ ಪೆಡರ್ಸನ್ ಎಂಬ ವೈದ್ಯೆ ಮತ್ತು ಅವರ ತಂಡ 2003ರಲ್ಲಿ ಇಂಥ ವಸ್ತುಗಳಿಗೆ ಮಯೋಕೈನ್ ಅಂತ ಹೆಸರಿಟ್ಟರು. ಮಾಂಸಖಂಡ ದುಡಿಯುವಾಗ ತಯಾರಿಸಿ ಹೊರಗೆ ಬಿಡುವ ಹಾರ್ಮೋನಿನಂಥ ಪ್ರೋಟೀನುಗಳು ಇವು. ಕೆಲವು ರಕ್ತದಲ್ಲಿ ಸೇರಿ ಪಿತ್ತಜನಕಾಂಗ, ಕೊಬ್ಬು, ಮಿದುಳಿನವರೆಗೂ ಹೋಗುತ್ತವೆ. ಕೆಲವು ಹುಟ್ಟಿದ ಜಾಗದಲ್ಲೇ ಕೆಲಸ ಮಾಡಿ ಮುಗಿಸುತ್ತವೆ.

ಇಂಟರ್‌ಲ್ಯೂಕಿನ್-6 ಹೆಸರು ಕೋವಿಡ್ ಕಾಲದಲ್ಲಿ ಬಹಳ ಜನ ಕೇಳಿದ್ದೀರಿ. ಉರಿಯೂತದ ಗುರುತು ಅಂತ ಆಸ್ಪತ್ರೆಗಳಲ್ಲಿ ಅಳೆಯುತ್ತಿದ್ದದ್ದು ಅದನ್ನೇ. ಹಾಗಾದರೆ ವ್ಯಾಯಾಮ ಉರಿಯೂತ ಜಾಸ್ತಿ ಮಾಡುತ್ತದಾ? ಇಲ್ಲ. ಸೋಂಕಿನಲ್ಲಿ ಇದು ಬೇರೆ ಉರಿಯೂತದ ವಸ್ತುಗಳ ಜೊತೆ ಗುಂಪು ಕಟ್ಟಿಕೊಂಡು ಬರುತ್ತದೆ. ವ್ಯಾಯಾಮದಲ್ಲಿ ಒಂಟಿಯಾಗಿ ಏರಿ, ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಇಳಿಯುವ ಮೊದಲು ಉರಿಯೂತ ತಗ್ಗಿಸುವ ವಸ್ತುಗಳನ್ನು ಎಬ್ಬಿಸಿ ಹೋಗುತ್ತದೆ. ವಸ್ತು ಒಂದೇ ಆದರೂ ಬರುವ ರೀತಿ ಬೇರೆ, ಮಾಡುವ ಕೆಲಸವೂ ಬೇರೆ.

ನಡಿಗೆ: ಶುಗರ್ ಇದ್ದವರಿಗೆ ಮೊದಲ ಆಯ್ಕೆ

ಸಾಧಾರಣ ನಡಿಗೆಯಲ್ಲಿ ಮಯೋಕೈನುಗಳು ದೊಡ್ಡ ಪ್ರಮಾಣದಲ್ಲಿ ಏರುವುದಿಲ್ಲ. ಆದರೂ ನಡಿಗೆಯನ್ನೇ ಮೊದಲು ಹೇಳುತ್ತಿದ್ದೇನೆ. ಕಾರಣ, ದುಡಿಯುವ ಮಾಂಸಖಂಡ ಇನ್ಸುಲಿನ್ನಿಗೆ ಕಾಯದೆ ರಕ್ತದ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಕೋಶದ ಒಳಗಿರುವ ಗ್ಲುಟ್-4 ಎಂಬ ಸಾಗಣೆ ಪ್ರೋಟೀನುಗಳು ಮೇಲಕ್ಕೆ ಬಂದು ಸಕ್ಕರೆಗೆ ಬಾಗಿಲು ತೆರೆಯುತ್ತವೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದವರಲ್ಲೂ ಈ ಬಾಗಿಲು ತೆರೆಯುತ್ತದೆ.

ಹೊತ್ತು ಇಲ್ಲಿ ಮುಖ್ಯ. 2013ರಲ್ಲಿ ಅಮೆರಿಕದಲ್ಲಿ ಸಕ್ಕರೆ ಪ್ರಮಾಣ ಸ್ವಲ್ಪ ಜಾಸ್ತಿಯಿದ್ದ ಹಿರಿಯರ ಮೇಲೆ ಒಂದು ಚಿಕ್ಕ ಅಧ್ಯಯನ ನಡೆಯಿತು. ಒಂದೇ ಸಲ 45 ನಿಮಿಷ ನಡೆಯುವುದನ್ನೂ, ಮೂರು ಊಟದ ನಂತರ 15 ನಿಮಿಷದಂತೆ ನಡೆಯುವುದನ್ನೂ ಹೋಲಿಸಿದರು. ರಾತ್ರಿ ಊಟದ ನಂತರದ ಸಕ್ಕರೆ ಏರಿಕೆಯನ್ನು ತಡೆದದ್ದು ಊಟವಾದ ಮೇಲಿನ ನಡಿಗೆ. ನಮ್ಮಲ್ಲಿ ರಾತ್ರಿ 9ಕ್ಕೆ ಅನ್ನ ಸಾರು ಉಂಡು ಟಿ.ವಿ. ಮುಂದೆ ಕೂರುವವರು ಇದನ್ನು ಇವತ್ತಿನಿಂದಲೇ ಶುರು ಮಾಡಬಹುದು. ಬೀದಿಯ ಈ ತುದಿಯಿಂದ ಆ ತುದಿಗೆ ನಾಲ್ಕು ಸುತ್ತು ಸಾಕು.

ಮಿದುಳಿಗೂ ನಡಿಗೆಯ ಲಾಭ ಇದೆ. 2011ರ ಒಂದು ಅಧ್ಯಯನದಲ್ಲಿ 120 ಹಿರಿಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ವಾರಕ್ಕೆ 3 ದಿನ, ದಿನಕ್ಕೆ 40 ನಿಮಿಷದವರೆಗೆ ನಡೆಯಿತು. ಇನ್ನೊಂದು ಗುಂಪು ಮೈ ಎಳೆಯುವ, ಬಗ್ಗಿಸುವ ಹಗುರ ವ್ಯಾಯಾಮ ಮಾಡಿತು. ವರ್ಷದ ಕೊನೆಗೆ, ನಡೆದವರಲ್ಲಿ ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗ ಸುಮಾರು 2% ಬೆಳೆದಿತ್ತು. ಇನ್ನೊಂದು ಗುಂಪಿನಲ್ಲಿ ಕುಗ್ಗಿತ್ತು. ಬಿಡಿಎನ್ಎಫ್ ಎಂಬ ನರ ಬೆಳೆಸುವ ವಸ್ತುವಿಗೂ ಈ ಬೆಳವಣಿಗೆಗೂ ನಂಟು ಕಾಣಿಸಿತು. ಬಿಡಿಎನ್ಎಫ್ ಮಾಂಸಖಂಡದಲ್ಲೂ ಹುಟ್ಟುತ್ತದೆ. ಆದರೆ ಅಲ್ಲಿ ಹುಟ್ಟಿದ್ದು ಅಲ್ಲೇ ಕೊಬ್ಬು ಉರಿಸಲು ಬಳಕೆಯಾಗುತ್ತದೆ. ವ್ಯಾಯಾಮದ ಹೊತ್ತಲ್ಲಿ ರಕ್ತದಲ್ಲಿ ಕಾಣುವುದು ಹೆಚ್ಚಾಗಿ ಮಿದುಳೇ ಬಿಟ್ಟದ್ದು.

ನಡಿಗೆಯ ಕೊರತೆ ಒಂದೇ. ಮಾಂಸಖಂಡಕ್ಕೆ "ಬೆಳೆ" ಅಂತ ಹೇಳುವಷ್ಟು ಭಾರ ಅದರಲ್ಲಿಲ್ಲ. ಅಮ್ಮನ ತೊಡೆಗೆ ಆಗಿದ್ದು ಅದೇ.

ಉದ್ದದ ಓಟ, ಸೈಕಲ್: ಹೊಟ್ಟೆಯೊಳಗಿನ ಕೊಬ್ಬಿಗೆ

ಇಂಟರ್‌ಲ್ಯೂಕಿನ್-6 ಜಾಸ್ತಿ ಬರಬೇಕಾದರೆ ಮೂರು ಸಂಗತಿ ಕೂಡಬೇಕು. ಹೆಚ್ಚು ಹೊತ್ತು ದುಡಿಯಬೇಕು, ಬಿರುಸಾಗಿ ದುಡಿಯಬೇಕು, ದೊಡ್ಡ ಮಾಂಸಖಂಡಗಳು ದುಡಿಯಬೇಕು. ಓಟ ಮತ್ತು ಸೈಕಲ್‌ನಲ್ಲಿ ಮೂರೂ ಇವೆ. ಮ್ಯಾರಥಾನ್‌ನಂಥ ಓಟದ ಕೊನೆಗೆ ಇದು ವಿಶ್ರಾಂತಿಯ ಮಟ್ಟಕ್ಕಿಂತ 100 ಪಟ್ಟಿನವರೆಗೂ ಏರಬಹುದು. ಮಾಂಸಖಂಡದಲ್ಲಿ ಕೂಡಿಟ್ಟ ಗ್ಲೈಕೋಜೆನ್ ಎಂಬ ಸಕ್ಕರೆಯ ದಾಸ್ತಾನು ಕಡಿಮೆಯಾದಷ್ಟೂ ಏರಿಕೆ ಜಾಸ್ತಿ. ಅಂದರೆ "ನನ್ನ ಬಳಿ ಇಂಧನ ಮುಗಿಯುತ್ತಿದೆ, ಕಳಿಸಿ" ಅಂತ ಮಾಂಸಖಂಡ ಕೂಗಿ ಹೇಳುವ ಬಗೆ ಇದು. ಆ ಕೂಗಿಗೆ ಪಿತ್ತಜನಕಾಂಗ ಸಕ್ಕರೆ ಬಿಡುತ್ತದೆ, ಕೊಬ್ಬಿನ ಕೋಶಗಳು ಕೊಬ್ಬನ್ನು ಕರಗಿಸಿ ಕಳಿಸುತ್ತವೆ. ನಡುವೆ ಸಕ್ಕರೆ ಪಾನೀಯ ಕುಡಿದರೆ ಕೂಗು ತಗ್ಗುತ್ತದೆ. ಹಾಗಾಗಿ ಅರ್ಧ ಗಂಟೆ, ಮುಕ್ಕಾಲು ಗಂಟೆಯ ಓಟಕ್ಕೆ ಬಣ್ಣದ ಬಾಟಲಿ ಬೇಡ. ನೀರು ಸಾಕು.

ಇದರಿಂದ ನಿಜವಾಗಿ ಏನಾದರೂ ಆಗುತ್ತದಾ ಅನ್ನುವುದಕ್ಕೆ ನಾನು ಓದಿದ್ದರಲ್ಲಿ ಅತ್ಯಂತ ಚೊಕ್ಕ ಉತ್ತರ ಕೊಟ್ಟದ್ದು 2019ರಲ್ಲಿ ಪ್ರಕಟವಾದ ಕೋಪನ್‌ಹೇಗನ್‌ನದೇ ಇನ್ನೊಂದು ಪ್ರಯೋಗ. ಹೊಟ್ಟೆ ಬೊಜ್ಜು ಇದ್ದವರಿಗೆ 12 ವಾರ ಸೈಕಲ್ ತುಳಿಸಿದರು. ಕೆಲವರಿಗೆ ಇಂಟರ್‌ಲ್ಯೂಕಿನ್-6 ಕೆಲಸ ಮಾಡದಂತೆ ತಡೆಯುವ ಟೊಸಿಲಿಜುಮ್ಯಾಬ್ ಎಂಬ ಔಷಧಿ ಕೊಟ್ಟರು, ಉಳಿದವರಿಗೆ ಔಷಧಿಯಿಲ್ಲದ ದ್ರಾವಣ. ಔಷಧಿಯಿಲ್ಲದೆ ತುಳಿದವರಲ್ಲಿ ಕರುಳಿನ ಸುತ್ತಲಿನ ಕೊಬ್ಬು ಇಳಿಯಿತು. ಔಷಧಿ ಪಡೆದು ಅಷ್ಟೇ ತುಳಿದವರಲ್ಲಿ ಇಳಿಯಲಿಲ್ಲ. ಬೆವರು ಇಬ್ಬರದೂ ಒಂದೇ, ಸುದ್ದಿ ತಲುಪಿದ್ದು ಮಾತ್ರ ಒಬ್ಬರಿಗೆ.

ನಮ್ಮವರಿಗೆ ಇದು ಯಾಕೆ ಮುಖ್ಯ ಅನ್ನುವುದಕ್ಕೆ 2004ರ ಒಂದು ಫೋಟೊ ನೆನಪಾಗುತ್ತದೆ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಅಕ್ಕಪಕ್ಕ ನಿಂತಿದ್ದಾರೆ. ಎತ್ತರಕ್ಕೆ ತಕ್ಕ ತೂಕ ಇದೆಯೇ ಅಂತ ಹೇಳುವ ಬಿಎಂಐ ಅಂಕಿ ಇಬ್ಬರದೂ ಒಂದೇ, 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್ ಅವರಲ್ಲಿ 9.1%, ಯಾಜ್ಞಿಕ್ ಅವರಲ್ಲಿ 21.2%. ನೋಡಲು ತೆಳ್ಳಗಿದ್ದು, ಒಳಗೆ ಕೊಬ್ಬು ಜಾಸ್ತಿ, ಮಾಂಸಖಂಡ ಕಡಿಮೆ ಇರುವುದು ಭಾರತೀಯರಲ್ಲಿ ಸಾಮಾನ್ಯ. "ನಾನು ದಪ್ಪ ಇಲ್ಲವಲ್ಲ, ನನಗೇಕೆ ವ್ಯಾಯಾಮ" ಅನ್ನುವವರು ಆ ಎರಡು ಅಂಕಿಗಳನ್ನು ಇನ್ನೊಮ್ಮೆ ಓದಿಕೊಳ್ಳಬೇಕು. ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಲೆಕ್ಕದಂತೆ ದೇಶದಲ್ಲಿ ಮಧುಮೇಹ ಇರುವವರು 10.1 ಕೋಟಿ.

ಭಾರ ಎತ್ತುವುದು: ಬಹಳ ಜನ ಬಿಟ್ಟುಬಿಡುವ ಭಾಗ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ನಮ್ಮ ಮನೆಗಳಲ್ಲಿ 40 ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಪೂರ್ತಿ ಖಾಲಿಯಿರುವ ಜಾಗ ಇದೇ.

ಮಯೋಸ್ಟಾಟಿನ್ ಎಂಬ ಒಂದು ಮಯೋಕೈನ್ ಇದೆ. ಇದರ ಕೆಲಸ ಉಳಿದವಕ್ಕೆ ತಿರುಗಾಮುರುಗಾ. ಮಾಂಸಖಂಡ ಅತಿಯಾಗಿ ಬೆಳೆಯದಂತೆ ಬ್ರೇಕ್ ಹಾಕುವುದು. 1997ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸೆ-ಜಿನ್ ಲೀ ತಂಡ ಇದನ್ನು ಕಂಡುಹಿಡಿಯಿತು. ಈ ಜೀನ್ ತೆಗೆದ ಇಲಿಗಳ ಮಾಂಸಖಂಡ ಎರಡು ಮೂರು ಪಟ್ಟು ಬೆಳೆಯಿತು. ಬೆಲ್ಜಿಯಂನ ನೀಲಿ ತಳಿಯ ದನಗಳ ಫೋಟೊ ನೋಡಿದ್ದೀರಾ? ತೊಡೆ, ಭುಜ ಎಲ್ಲ ಉಬ್ಬಿ ಬಂಡೆ ಕಡೆದ ಹಾಗಿರುತ್ತವೆ. ಅವುಗಳಲ್ಲಿ ಈ ಬ್ರೇಕ್ ಹುಟ್ಟಿನಿಂದಲೇ ಕೆಟ್ಟಿದೆ.

ನಮ್ಮ ಬ್ರೇಕ್ ಕೆಡುವುದು ಬೇಡ, ಸ್ವಲ್ಪ ಸಡಿಲವಾದರೆ ಸಾಕು. ಭಾರದ ವ್ಯಾಯಾಮ ಅದನ್ನೇ ಮಾಡುತ್ತದೆ. ಮಾಂಸಖಂಡದಲ್ಲಿ ಮಯೋಸ್ಟಾಟಿನ್ ತಯಾರಿ ತಗ್ಗುತ್ತದೆ. ಮಯೋಸ್ಟಾಟಿನ್ನನ್ನು ಹಿಡಿದು ಕಟ್ಟಿಹಾಕುವ ಡೆಕೊರಿನ್ ಎಂಬ ಪ್ರೋಟೀನು ಏರುತ್ತದೆ. ಹೀಗೆ ಎರಡು ಕಡೆಯಿಂದ ಬೆಳೆಯಲು ದಾರಿ ಸಿಗುತ್ತದೆ. ಬೆಳೆದ ಮಾಂಸಖಂಡ ಅಂದರೆ ಸಕ್ಕರೆ ತುಂಬಿಡುವ ದೊಡ್ಡ ಕಣಜ. ಮುಂದೆ ನಡೆದಾಗ, ಓಡಿದಾಗ ಹಾರ್ಮೋನು ಬಿಡುವ ದೊಡ್ಡ ಗ್ರಂಥಿಯೂ ಹೌದು. ಹಾಗಾಗಿ ಭಾರದ ವ್ಯಾಯಾಮ ಉಳಿದ ಎಲ್ಲ ವ್ಯಾಯಾಮಗಳ ಫಲವನ್ನೂ ಹೆಚ್ಚಿಸುತ್ತದೆ ಅಂತ ನನ್ನ ಅಭಿಪ್ರಾಯ.

"ಈ ವಯಸ್ಸಲ್ಲಿ ತೂಕ ಎತ್ತೋದಾ" ಅಂತ ಅಮ್ಮನೂ ಕೇಳಿದ್ದರು. ಆಗ ಅವರಿಗೆ ಬಾಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ ನಡೆದ, 1990ರಲ್ಲಿ ಪ್ರಕಟವಾದ ಅಧ್ಯಯನದ ಬಗ್ಗೆ ಹೇಳಿದೆ. 86ರಿಂದ 96 ವರ್ಷದ ಅಜ್ಜ ಅಜ್ಜಿಯರಿಗೆ 8 ವಾರ ಕಾಲಿನಲ್ಲಿ ಭಾರ ಎತ್ತಿಸಿದರು. ಹೆಸರಿಗೆ ಹಗುರವಾದ ಭಾರವಲ್ಲ, ನಿಜವಾಗಿ ಕಷ್ಟವಾಗುವ ಭಾರ. ಕಾಲಿನ ಶಕ್ತಿ ಸರಾಸರಿ 174% ಹೆಚ್ಚಿತು. ತೊಡೆಯ ಮಾಂಸಖಂಡವೂ 9% ಬೆಳೆಯಿತು. 62ರ ಅಮ್ಮ ಆಮೇಲೆ ವಯಸ್ಸಿನ ಮಾತೆತ್ತಲಿಲ್ಲ.

ನಾವು ಶುರು ಮಾಡಿದ್ದು ಊಟದ ಮೇಜಿನ ಮರದ ಕುರ್ಚಿಯಿಂದ. ಗೋಡೆಗೆ ಒರಗಿಸಿಟ್ಟ ಕುರ್ಚಿ. ಕೈ ಎದೆಯ ಮೇಲೆ ಕಟ್ಟಿಕೊಂಡು ಕೂರಬೇಕು, ಏಳಬೇಕು. ಮೊದಲ ದಿನ 6 ಸಲಕ್ಕೇ ತೊಡೆ ನಡುಗಿತು. ಕೂರುವಾಗ ಧೊಪ್ಪೆಂದು ಬೀಳದೆ ಮೂರು ಎಣಿಸುತ್ತಾ ನಿಧಾನ ಇಳಿಯುವುದು ಕಷ್ಟದ ಭಾಗ, ಲಾಭವೂ ಅಲ್ಲೇ ಜಾಸ್ತಿ. ಒಂದು ತಿಂಗಳಿಗೆ 10 ಸಲದ 3 ಸುತ್ತು ಸಲೀಸಾಯಿತು. ಸಲೀಸಾದ ಮೇಲೂ ಅಷ್ಟರಲ್ಲೇ ನಿಂತರೆ ಮಾಂಸಖಂಡಕ್ಕೆ ಹೊಸ ಸುದ್ದಿಯೇನೂ ಇರುವುದಿಲ್ಲ. ಆಗ ಎದೆಗೆ 2 ಕೆ.ಜಿ. ಅಕ್ಕಿಯ ಚೀಲ ಅಪ್ಪಿಕೊಂಡರು. ಆಮೇಲೆ 5 ಕೆ.ಜಿ. ಜೊತೆಗೆ ಗೋಡೆಗೆ ಕೈಕೊಟ್ಟು ತಳ್ಳುವುದು, ಎರಡು ಕೈಯಲ್ಲೂ ನೀರು ತುಂಬಿದ ಬಕೆಟ್ ಹಿಡಿದು ಹಜಾರದಲ್ಲಿ ನಡೆಯುವುದು. ವಾರಕ್ಕೆ ಎರಡೇ ದಿನ, ಅರ್ಧರ್ಧ ಗಂಟೆ.

ಇದು ನಮ್ಮ ಜನಕ್ಕೆ ಹೊಸದೇನಲ್ಲ. ಗರಡಿಮನೆಗಳಲ್ಲಿ ದಂಡ, ಬಸ್ಕಿ ಹೊಡೆಯುತ್ತಿದ್ದವರು, ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರು ಮಾಡುವುದು ಇದನ್ನೇ. ಬಾವಿಯಿಂದ ನೀರು ಸೇದಿ, ಸೊಂಟದ ಮೇಲೆ ಕೊಡ ಹೊತ್ತು, ಒರಳಲ್ಲಿ ರುಬ್ಬಿದ ಅಜ್ಜಿಯರಿಗೆ ಇದನ್ನು ಬೇರೆಯಾಗಿ ಮಾಡುವ ಅಗತ್ಯ ಇರಲಿಲ್ಲ. ನಲ್ಲಿ, ಮಿಕ್ಸಿ ಬಂದದ್ದು ಒಳ್ಳೆಯದೇ ಆಯಿತು. ಹೋದ ಭಾರವನ್ನು ಮಾತ್ರ ಬೇರೆ ದಾರಿಯಲ್ಲಿ ವಾಪಸ್ ತರಬೇಕು.

ಎರಡು ಎಚ್ಚರಿಕೆ. ಭಾರ ಎತ್ತುವಾಗ ಉಸಿರು ಕಟ್ಟಬೇಡಿ, ಬಿ.ಪಿ. ದಿಢೀರ್ ಏರುತ್ತದೆ. ಎತ್ತುವಾಗ ಉಸಿರು ಬಿಡಿ. ಎರಡನೆಯದು ಊಟ. ಮುದ್ದೆ, ಅನ್ನ, ತಿಳಿಸಾರಿನಿಂದ ಮಾಂಸಖಂಡ ಕಟ್ಟಲಾಗದು. ಬೇಳೆ, ಕಾಳು, ಮೊಸರು, ಮೊಟ್ಟೆ, ತಿನ್ನುವವರಾದರೆ ಮೀನು, ಕೋಳಿ, ಇವುಗಳಲ್ಲಿ ಏನಾದರೂ ಒಂದು ಪ್ರತಿ ಊಟದಲ್ಲೂ ಇರಲಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಪ್ರೋಟೀನು ಹೆಚ್ಚಿಸಿ.

ಚಿಕ್ಕ ಹೊತ್ತಿನ ಏದುಸಿರಿನ ವ್ಯಾಯಾಮ

ಜಪಾನಿನ ಇಜುಮಿ ತಬಾಟಾ 1996ರಲ್ಲಿ ಪ್ರಕಟಿಸಿದ ಕ್ರಮ ಇದರಲ್ಲಿ ಹೆಸರುವಾಸಿ. 20 ಸೆಕೆಂಡು ಪ್ರಾಣ ಹೋಗುವಷ್ಟು ಬಿರುಸು, 10 ಸೆಕೆಂಡು ವಿಶ್ರಾಂತಿ, ಹೀಗೆ 7-8 ಸಲ. ಸಮಯ ಇಲ್ಲದವರಿಗೆ ಇದು ಆಕರ್ಷಕ.

ಹಸಿವಿನ ವಿಷಯದಲ್ಲಿ ಇದಕ್ಕೊಂದು ವಿಶೇಷ ಇದೆ. ಬಿರುಸಾಗಿ ದುಡಿದ ಮಾಂಸಖಂಡ ಲ್ಯಾಕ್ಟೇಟ್ ಬಿಡುತ್ತದೆ. ಅದು ಫಿನೈಲ್‌ಅಲನೈನ್ ಎಂಬ ಅಮೈನೊ ಆಮ್ಲದ ಜೊತೆ ಸೇರಿ ಲ್ಯಾಕ್-ಫಿ ಎಂಬ ವಸ್ತುವಾಗುತ್ತದೆ. 2022ರಲ್ಲಿ ಸ್ಟ್ಯಾನ್‌ಫರ್ಡ್‌ನ ಜೊನಾಥನ್ ಲಾಂಗ್ ಮತ್ತು ಸಂಗಡಿಗರು ಇದನ್ನು ವಿವರಿಸಿದರು. ಬೊಜ್ಜಿನ ಇಲಿಗಳಿಗೆ ಲ್ಯಾಕ್-ಫಿ ಕೊಟ್ಟಾಗ ಅವು ಮುಂದಿನ 12 ಗಂಟೆ ಅರ್ಧದಷ್ಟೇ ತಿಂದವು. ಮನುಷ್ಯರಲ್ಲಿ ಅಳೆದಾಗ ಲ್ಯಾಕ್-ಫಿ ಹೆಚ್ಚು ಏರಿದ್ದು ವೇಗದ ಓಟದಂಥ ಬಿರುಸಿನ ವ್ಯಾಯಾಮದಲ್ಲಿ, ನಂತರ ಭಾರ ಎತ್ತುವುದರಲ್ಲಿ, ಕೊನೆಗೆ ನಿಧಾನದ ಉದ್ದ ವ್ಯಾಯಾಮದಲ್ಲಿ. ಬಿರುಸಾಗಿ ಓಡಿ ಬಂದ ಕೂಡಲೇ ತಿಂಡಿ ಬೇಡ ಅನ್ನಿಸುತ್ತದಲ್ವಾ, ಅದಕ್ಕೆ ಇದೂ ಒಂದು ಕಾರಣ ಇರಬಹುದು.

ಐರಿಸಿನ್ ಬಗ್ಗೆಯೂ ಇಲ್ಲೇ ಹೇಳಬೇಕು, ವ್ಯಾಯಾಮದ ವಿಡಿಯೊಗಳಲ್ಲಿ ಅದರ ಹೆಸರು ಬಹಳ ಓಡಾಡುತ್ತಿದೆ. 2012ರಲ್ಲಿ ಹಾರ್ವರ್ಡ್‌ನ ಬ್ರೂಸ್ ಸ್ಪೀಗೆಲ್‌ಮನ್ ತಂಡ ಇದನ್ನು ಕಂಡು, ಗ್ರೀಕರ ಸಂದೇಶವಾಹಕ ದೇವತೆ ಐರಿಸ್ ಹೆಸರಿಟ್ಟಿತು. ಬಿಳಿ ಕೊಬ್ಬನ್ನು ಶಕ್ತಿ ಉರಿಸುವ ಕಂದು ಕೊಬ್ಬಿನಂತೆ ಮಾಡುತ್ತದೆ ಅಂತ ಇಲಿಗಳಲ್ಲಿ ಕಂಡಿತು. ಮನುಷ್ಯರಲ್ಲಿ ಇದು ರಕ್ತದಲ್ಲಿ ಇದೆಯೇ ಅಂತಲೇ ಕೆಲ ವರ್ಷ ಜಗಳ ನಡೆಯಿತು. 2015ರಲ್ಲಿ ನಿಖರವಾಗಿ ಅಳೆದಾಗ ಕೂತೇ ಇರುವವರಲ್ಲಿ ಪ್ರತಿ ಮಿಲಿಲೀಟರಿಗೆ 3.6 ನ್ಯಾನೊಗ್ರಾಂ, ಏರಿಳಿತದ ಬಿರುಸು ವ್ಯಾಯಾಮ ಮಾಡುವವರಲ್ಲಿ 4.3 ಇತ್ತು. ವ್ಯತ್ಯಾಸ ಇದೆ, ಆದರೆ ಚಿಕ್ಕದು. ಐರಿಸಿನ್ ನಂಬಿ ವ್ಯಾಯಾಮ ಆರಿಸಬೇಡಿ ಅನ್ನುವುದು ನನ್ನ ಸಲಹೆ.

ಬಿರುಸಿನ ವ್ಯಾಯಾಮ ಎಲ್ಲರಿಗೂ ಅಲ್ಲ. ಹೃದಯದ ತೊಂದರೆ, ಹತೋಟಿಯಲ್ಲಿಲ್ಲದ ಬಿ.ಪಿ., ಹಲವು ವರ್ಷದ ಶುಗರ್ ಇದ್ದವರು ವೈದ್ಯರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲಿಗಿಂತ ಒಳ್ಳೆಯ ಜಾಗ ಬೇಕಿಲ್ಲ. 40-50 ಮೆಟ್ಟಿಲು ಬಿರುಸಾಗಿ ಹತ್ತಿ, ಉಸಿರು ಹದಕ್ಕೆ ಬರುವವರೆಗೆ ನಿಂತು, ಮತ್ತೆ ಹತ್ತಿ. ಹತ್ತುವಾಗ ತೊಡೆಗೆ ಭಾರವೂ ಬೀಳುತ್ತದೆ. ಇಳಿಯುವುದು ಸುಲಭ ಅನ್ನಿಸಿದರೂ ಮರುದಿನ ತೊಡೆ, ಮೀನಖಂಡ ಹಿಡಿದುಕೊಳ್ಳುವುದು ಇಳಿದದ್ದರಿಂದಲೇ. ಇಳಿಯುವಾಗ ಮಾಂಸಖಂಡ ಉದ್ದವಾಗುತ್ತಲೇ ಭಾರ ತಡೆಯಬೇಕು, ಅದಕ್ಕೆ ಆ ನೋವು. ಮೊದಲ ಸಲ ಪೂರ್ತಿ ಇಳಿಯಬೇಡಿ, ಬಸ್ಸಿನಲ್ಲಿ ಬನ್ನಿ.

ಯೋಗ

ನಿಧಾನದ ಆಸನಗಳಲ್ಲಿ ಈ ಹಾರ್ಮೋನುಗಳು ಹೆಚ್ಚೇನೂ ಏರುವ ಕಾರಣವಿಲ್ಲ. ಮೈ ಬಳುಕುವುದಕ್ಕೆ, ಸಮತೋಲಕ್ಕೆ, ಮನಸ್ಸಿನ ನೆಮ್ಮದಿಗೆ ಯೋಗ ಬೇಕು. ಅದಕ್ಕಾಗಿಯೇ ಮಾಡಿ. ಬಿಡದೆ ಬಿರುಸಾಗಿ ಸೂರ್ಯನಮಸ್ಕಾರ ಹಾಕುವವರದು ಬೇರೆ ಲೆಕ್ಕ, ಅದು ಬಿರುಸು ನಡಿಗೆಯ ಸಾಲಿಗೆ ಬರುತ್ತದೆ.

ಹಾಗಾದರೆ ನಿಮಗೆ ಯಾವುದು?

ಈಗಾಗಲೇ ದಿನಾ ನಡೆಯುತ್ತಿದ್ದರೆ ನಡಿಗೆಯನ್ನು ಒಂದು ಗಂಟೆಗೆ ಏರಿಸಬೇಡಿ. ಅದೇ ಸಮಯದಲ್ಲಿ ವಾರಕ್ಕೆ ಎರಡು ದಿನ ಭಾರಕ್ಕೆ ಕೊಡಿ. ಜಿಮ್‌ಗೆ ಹೋಗಿ ಬರೀ ತೂಕ ಎತ್ತಿ, ಉಳಿದ ದಿನವೆಲ್ಲ ಕಂಪ್ಯೂಟರ್ ಮುಂದೆ ಕೂರುವ ಹುಡುಗರಿಗೆ ಬೇಕಾದದ್ದು ಊಟದ ನಂತರದ ನಡಿಗೆ ಮತ್ತು ವಾರಕ್ಕೊಮ್ಮೆಯಾದರೂ ಉದ್ದದ ಸೈಕಲ್ ಅಥವಾ ಓಟ. ಸೊಂಟದ ಸುತ್ತಳತೆ ಏರುತ್ತಿದ್ದರೆ ಮೊದಲು ಸೈಕಲ್. ಮಂಡಿ ನೋಯುವವರಿಗೂ ಸೈಕಲ್ ಓಟಕ್ಕಿಂತ ಮೇಲು. ದಿನಕ್ಕೆ ಹತ್ತೇ ನಿಮಿಷ ಸಿಗುವುದಾದರೆ, ಆರೋಗ್ಯ ಸರಿಯಿದ್ದರೆ, ಮೆಟ್ಟಿಲು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತಗೊಳ್ಳುವವರಿಗೆ ವ್ಯಾಯಾಮ ಜಾಸ್ತಿ ಮಾಡಿದಾಗ ಸಕ್ಕರೆ ತೀರಾ ಇಳಿಯಬಹುದು. ವೈದ್ಯರಿಗೆ ಮೊದಲೇ ತಿಳಿಸಿ, ಜೇಬಿನಲ್ಲಿ ಸಿಹಿ ಇಟ್ಟುಕೊಳ್ಳಿ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವ್ಯಾಯಾಮ, ಜೊತೆಗೆ ಕನಿಷ್ಠ 2 ದಿನ ಮಾಂಸಖಂಡ ಬಲಪಡಿಸುವ ವ್ಯಾಯಾಮ. ಮೊದಲ ಅರ್ಧ ಎಲ್ಲರ ಬಾಯಲ್ಲೂ ಇದೆ. ಎರಡನೇ ಅರ್ಧವನ್ನು ಅಮ್ಮನಿಗೆ ಯಾರೂ ಹೇಳಿರಲಿಲ್ಲ.

ಮಯೋಕೈನ್ ಅಳೆಯುವ ರಕ್ತಪರೀಕ್ಷೆಗೆ ದುಡ್ಡು ಹಾಕಬೇಡಿ. ಗಂಟೆಗಂಟೆಗೂ ಏರಿಳಿಯುವ ವಸ್ತುಗಳ ಒಂದು ಅಂಕಿಯಿಂದ ನಿಮಗೆ ಏನೂ ತಿಳಿಯುವುದಿಲ್ಲ. ಅದರ ಬದಲು ಕೈಯಿಲ್ಲದ ಒಂದು ಕುರ್ಚಿ ತಗೊಳ್ಳಿ. ಕೈ ಎದೆಗೆ ಕಟ್ಟಿ 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಅಂತ ಎಣಿಸಿ. 60ರಿಂದ 64 ವರ್ಷದ ಹೆಂಗಸರಲ್ಲಿ 12ಕ್ಕಿಂತ ಕಡಿಮೆ, ಗಂಡಸರಲ್ಲಿ 14ಕ್ಕಿಂತ ಕಡಿಮೆ ಬಂದರೆ ಕಾಲಿನ ಬಲ ಸಾಲದು ಅಂತ ಲೆಕ್ಕ. ಅಮ್ಮನದು ಮೊದಲ ಸಲ 8 ಬಂದಿತ್ತು, ಹೋದ ತಿಂಗಳು 15. ನಿಮ್ಮ ಅಂಕಿಯನ್ನು ಕ್ಯಾಲೆಂಡರಿನಲ್ಲಿ ಇವತ್ತಿನ ತಾರೀಖಿನ ಕೆಳಗೆ ಬರೆದಿಡಿ. ಎರಡು ತಿಂಗಳಾದ ಮೇಲೆ ಅದೇ ಕುರ್ಚಿಯಲ್ಲಿ ಮತ್ತೆ ಎಣಿಸಿ.